ತೋಪು, ಬಾಣ, ಹಡಗು: ಪಟವರ್ಧನರ ದಂಡು ಕಂಡ ಮೈಸೂರು

1790ರ ಚಳಿಗಾಲದಲ್ಲಿ ಧಾರವಾಡದ ಕಿಲ್ಲೆಯ ಮುಂದೆ ಮರಾಠರ ತೋಪುಗಳು ನಡೆಯುತ್ತಿದ್ದ ರೀತಿ ಹೀಗಿತ್ತು. ತೋಪಿಗೆ ಮದ್ದು ತುಂಬಿ ಗುಂಡು ಇಳಿಸಿದ ಕೂಡಲೇ ಸುತ್ತಲಿನ ಮಂದಿಯೆಲ್ಲ ನೆಲಕ್ಕೆ ಕೂತುಬಿಡುತ್ತಿದ್ದರು. ಚಿಲುಮೆ ಹೊತ್ತುತ್ತಿತ್ತು. ಅರ್ಧ ತಾಸು ಹರಟೆ. ಆಮೇಲೆ ಒಬ್ಬ ಎದ್ದು ಬತ್ತಿ ಮುಟ್ಟಿಸುತ್ತಿದ್ದ. ಗುಂಡು ಹೋಗಿ ಎಲ್ಲೋ ಗೋಡೆಗೆ ಬಡಿದು ಒಳ್ಳೆ ಧೂಳೆದ್ದರೆ ಎಲ್ಲರಿಗೂ ಸಮಾಧಾನ. ಮತ್ತೆ ತೋಪು ತುಂಬುವುದು, ಮತ್ತೆ ಚಿಲುಮೆ, ಬಿಟ್ಟಲ್ಲಿಂದ ಹರಟೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆ ಸದ್ದು ಕೇಳುವುದೇ ಅಪರೂಪ. ಅದು ಊಟದ ಹೊತ್ತು, ಕೋಟೆಯ ಒಳಗಿನವರಿಗೂ ಹೊರಗಿನವರಿಗೂ ಒಪ್ಪಿಗೆಯಾದ ಹೊತ್ತು.

ಇದನ್ನು ಬರೆದಿಟ್ಟವನು ಎಡ್ವರ್ಡ್ ಮೂರ್. ಮರಾಠರ ಜೊತೆಗಿದ್ದ ಇಂಗ್ಲಿಷ್ ಕಂಪನಿ ತುಕಡಿಯ ಲೆಫ್ಟಿನೆಂಟ್, ಇನ್ನೂ ಇಪ್ಪತ್ತು ದಾಟದ ಹುಡುಗ. ನಾಲ್ಕು ವರ್ಷದ ನಂತರ ಈ ದಂಡಯಾತ್ರೆಯ ಕಥೆಯನ್ನು ಪುಸ್ತಕ ಮಾಡಿದ. ಪರದೇಶದ ಹುಡುಗ ನಮ್ಮವರನ್ನು ನೋಡಿ ನಕ್ಕು ಬರೆದದ್ದು, ಸ್ವಲ್ಪ ಉಪ್ಪುಖಾರ ಬಿದ್ದಿದ್ದರೂ ಬಿದ್ದಿರಬೇಕು. ಆದರೆ ಮುತ್ತಿಗೆ ಸೆಪ್ಟೆಂಬರಿನಲ್ಲಿ ಶುರುವಾಗಿ ಏಪ್ರಿಲ್ ತನಕ ಎಳೆದದ್ದಂತೂ ನಿಜ. ಸುಮಾರು ಆರೂವರೆ ತಿಂಗಳು, ಒಂದು ಮಣ್ಣಿನ ಕೋಟೆಗೆ.

ಮುತ್ತಿಗೆ ಹಾಕಿದವನು ಪರಶುರಾಮಭಾವು ಪಟವರ್ಧನ. ಹುನ್ನೂರ, ಜಮಖಂಡಿ ಕಡೆಯವರಿಗೆ ಈ ಮನೆತನದ ಹೆಸರು ಹೊಸದಲ್ಲ. ಭಾವುವಿನ ಮಗ ರಾಮಚಂದ್ರರಾಯನ ವಂಶಕ್ಕೇ 1811ರ ಪಾಲುಪಟ್ಟಿಯಲ್ಲಿ ಜಮಖಂಡಿ ಬಂದು ಪ್ರತ್ಯೇಕ ಸಂಸ್ಥಾನವಾಯಿತು. (ಪುಣೆಯ ಎಸ್.ಪಿ. ಕಾಲೇಜಿನ ಹೆಸರಿನಲ್ಲಿರುವ ಸರ್ ಪರಶುರಾಮಭಾವು ಇವನಲ್ಲ, ಇವನ ವಂಶದಲ್ಲಿ ಬಹಳ ಮುಂದೆ ಬಂದ ಜಮಖಂಡಿಯ ದೊರೆ.) 1764ರಲ್ಲಿ ಪೇಶ್ವೆ ಮಾಧವರಾಯ ಪಟವರ್ಧನರಿಗೆ ಕೃಷ್ಣೆಯ ಸೀಮೆಯಲ್ಲಿ ದೊಡ್ಡ ಸರಂಜಾಮು, ಅಂದರೆ ದಂಡು ಸಾಕಲು ಬಿಟ್ಟ ಜಹಗೀರು, ಬರೆದುಕೊಟ್ಟಾಗ ಇದ್ದ ಕರಾರು, ಕರೆದಾಗ 8,000 ಕುದುರೆ ತರಬೇಕು ಎಂಬುದು. ಆ ಕರಾರಿನಲ್ಲೇ ಧಾರವಾಡದ ಕಥೆ ಅರ್ಧ ಅಡಗಿದೆ. ಸರಂಜಾಮು ಕುದುರೆಗೆ ಕೊಟ್ಟದ್ದು. ಊರ ಹುಟ್ಟುವಳಿ ಸವಾರನಿಗೆ, ಅವನ ಕುದುರೆಯ ಹುರುಳಿಗೆ ಹೋಗುತ್ತಿತ್ತು. ತೋಪು ಎರಕ ಹೊಯ್ಯುವವನಿಗೆ, ಮದ್ದು ಅರೆಯುವವನಿಗೆ, ಗುರಿ ಹಿಡಿಯುವ ಗೋಲಂದಾಜನಿಗೆ ವರ್ಷವಿಡೀ ಹೊಟ್ಟೆ ತುಂಬಿಸುವ ಲೆಕ್ಕ ಅದರಲ್ಲಿ ಇರಲಿಲ್ಲ. ಯುದ್ಧ ಬಂದಾಗ ಒಂದೊಂದು ಕಡೆಯಿಂದ ಒಂದೊಂದು ಅಳತೆಯ ಹಳೆ ತೋಪು ಎಳೆದು ತರುವುದು, ಮಂದಿಯನ್ನು ಕೂಡಿಸುವುದು. ಅಂಥವರು ಚಿಲುಮೆ ಸೇದಿದರೆ ಅವರನ್ನು ಬೈದು ಏನು ಬಂತು?

ಭಾವು ದಡ್ಡನಾಗಿರಲಿಲ್ಲ. ಕುದುರೆ ಕೋಟೆ ಹತ್ತುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಪೇಶ್ವೆ, ನಿಜಾಮ, ಕಂಪನಿ ಮೂವರೂ ಮೈಸೂರಿನ ಟಿಪ್ಪುವಿನ ವಿರುದ್ಧ ಕೈ ಕೂಡಿಸಿದ ವರ್ಷ ಅದು. ಮುಂಬಯಿಯಿಂದ ಕ್ಯಾಪ್ಟನ್ ಲಿಟ್ಲ್ ಎರಡು ಸಿಪಾಯಿ ಪಲ್ಟನ್ ಮತ್ತು ಒಂದಿಷ್ಟು ತೋಪು ತಂದ. ಹೊಸ ಕಾಲದ ಸೈನ್ಯ ಮನೆಯಲ್ಲಿ ಬೆಳೆಯದಿದ್ದಾಗ ಬಾಡಿಗೆಗೆ ತರಿಸಿದ ಹಾಗೆ. ಡಿಸೆಂಬರಿನಲ್ಲಿ ಲಿಟ್ಲ್ ಧಾರವಾಡದ ಪೇಟೆಗೆ ಲಗ್ಗೆ ಹಾಕಿ ಒಳಹೊಕ್ಕ, ಗಾಯಗೊಂಡ. ಹಿಂದೆ ಬಂದ ಮರಾಠಾ ಮಂದಿ ಲೂಟಿಗೆ ಬಿದ್ದರು, ಬೆಂಕಿ ಹಚ್ಚಿದರು. ಒಳಗಿನವರು ಕೋಟೆಯಿಂದ ಹೊರಬಿದ್ದು ಅಟ್ಟಿದರು, ಗೆದ್ದ ಪೇಟೆ ಕೈಬಿಟ್ಟುಹೋಯಿತು. ಕೆಲವು ದಿನ ಬಿಟ್ಟು ಮರಾಠರು ಅದನ್ನು ಮತ್ತೆ ಹಿಡಿಯಬೇಕಾಯಿತು.

ಆ ಮೇಲೆ ಕರ್ನಲ್ ಫ್ರೆಡರಿಕ್ ಬಂದ, ಗೋರಾ ಪಲ್ಟನ್ ಸಮೇತ. ಅವನಿಗೆ ಗೋಡೆ ಒಡೆಯುವಷ್ಟು ತೋಪು ಇರಲಿಲ್ಲ, ಮದ್ದಿಗೆ ಭಾವುವಿನ ಕಡೆ ಕೈಯೊಡ್ಡಬೇಕಿತ್ತು. ಸಿಗುತ್ತಿದ್ದ ಮದ್ದು ಅಷ್ಟಕ್ಕಷ್ಟೆ. 1791ರ ಫೆಬ್ರವರಿ 7ರಂದು ತಾಳ್ಮೆ ಕೆಟ್ಟು ಲಗ್ಗೆ ಹಾಕಿದ. ಕಂದಕ ತುಂಬಲು ಕಟ್ಟಿಗೆಯ ಹೊರೆ ಎಸೆದರು. ಕೋಟೆಯವರು ಮೇಲಿನಿಂದ ಬೆಂಕಿ ಹಾಕಿ ಆ ಹೊರೆಗಳನ್ನೇ ಸುಟ್ಟರು. ಲಗ್ಗೆ ಮುರಿಯಿತು. ಫ್ರೆಡರಿಕ್ ಮುಂದಿನ ತಿಂಗಳು ಅಲ್ಲೇ ತೀರಿಕೊಂಡ, ಕೊರಗಿ ಸತ್ತ ಎಂದೇ ಅವನ ಜೊತೆಯವರ ಮಾತು.

ಈಗ ಒಳಗಿನವರನ್ನು ನೋಡೋಣ. ಕೋಟೆ ಹಿಡಿದು ಕೂತವನು ಬದ್ರುಜ್ಜಮಾನ್ ಖಾನ್, ಟಿಪ್ಪುವಿನ ಹಳೆಯ ಸರದಾರರಲ್ಲಿ ಒಬ್ಬ. ಕೈಕೆಳಗೆ ಸುಮಾರು ಹತ್ತು ಸಾವಿರ ಮಂದಿ, ಅವರಲ್ಲಿ ಬಹುಪಾಲು ಕವಾಯತು ಕಲಿತ ಸಂಬಳದ ಸಿಪಾಯಿಗಳು. ಕಾಳು ತೀರುತ್ತಾ ಬಂತು, ನೀರಿಗೆ ತತ್ವಾರವಾಯಿತು, ಶ್ರೀರಂಗಪಟ್ಟಣದಿಂದ ನೆರವು ಬರಲಿಲ್ಲ. ಮಾರ್ಚ್ ಕೊನೆಗೆ ಒಪ್ಪಂದ ಮಾಡಿಕೊಂಡು ಏಪ್ರಿಲ್ ಮೊದಲ ವಾರ ಹೊರಬಂದರು. ಹೊರಬಿದ್ದವರ ಮೇಲೆ ದಾರಿಯಲ್ಲಿ ಮರಾಠರು ಬಿದ್ದರು, ಖಾನ ಗಾಯಗೊಂಡು ಸೆರೆಯಾದ. ಒಪ್ಪಂದ ಮೊದಲು ಮುರಿದವರು ಯಾರು ಎಂಬುದಕ್ಕೆ ಎರಡೂ ಕಡೆಯವರ ಬಾಯಲ್ಲಿ ಎರಡು ಕಥೆ. ಧಾರವಾಡದ ಕಿಲ್ಲೆಯಲ್ಲಿ ಇವತ್ತು ಉಳಿದಿರುವುದು ಬಾಗಿಲು, ಅಷ್ಟಿಷ್ಟು ಗೋಡೆ. ಊರು ಕಂದಕವನ್ನು ನುಂಗಿದೆ.

ಈ ಮೈಸೂರಿನ ಸಿಪಾಯಿ ಎಲ್ಲಿಂದ ಬಂದ? ಮೂವತ್ತು ವರ್ಷದ ಹಿಂದಿನ ಮೈಸೂರಿನ ದಂಡು ನಮ್ಮ ಕಡೆಯ ದಂಡಿಗಿಂತ ಬೇರೆಯದೇನೂ ಆಗಿರಲಿಲ್ಲ. ಪಾಳೆಯಗಾರರು, ಅವರ ಹಿಂದೆ ಬರುವ ಬೇಡರ ಗುಂಪು, ಬಿಲ್ಲು, ಬರ್ಚಿ, ಬತ್ತಿಯ ಬಂದೂಕು. ಬದಲಾವಣೆ ಶುರುವಾದದ್ದು ಹೈದರ್ ಅಲಿಯಿಂದ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದಾಗ ಫ್ರೆಂಚ್ ಕೆಲಸಗಾರರನ್ನು ಇಟ್ಟುಕೊಂಡು ಆಯುಧಶಾಲೆ ತೆರೆದ. 1761ರ ಜನವರಿಯಲ್ಲಿ ಪಾಂಡಿಚೇರಿ ಇಂಗ್ಲಿಷರ ಪಾಲಾದಾಗ ಅಲ್ಲಿ ಅನ್ನ ಕಳೆದುಕೊಂಡ ನೂರಾರು ಫ್ರೆಂಚ್ ಸೈನಿಕರಿಗೆ ಕೆಲಸ ಕೊಟ್ಟ. ಓದು ಬರಹ ಬಾರದ ಹೈದರ್ ಕಲಿತವನನ್ನು ಗುರುತಿಸುವುದರಲ್ಲಿ ಎಂದೂ ತಪ್ಪುತ್ತಿರಲಿಲ್ಲ. ಕನಿಷ್ಠ ನೆಲದ ಮೇಲೆ. ನೀರಿನ ಮಾತು ಆಮೇಲೆ ಬರುತ್ತದೆ.

ಬಾಣದ ಕಥೆ ಅವನ ಮನೆಯದೇ. ಅವನ ತಂದೆ ಫತೇ ಮಹಮ್ಮದ್ ಆರ್ಕಾಟಿನ ನವಾಬನ ಬಳಿ ಐವತ್ತು ಜನ ಬಾಣಗಾರರ ಮುಖ್ಯಸ್ಥನಾಗಿದ್ದ. ಮದ್ದಿನ ಬಾಣ ಆಗ ಎಲ್ಲರ ದಂಡಿನಲ್ಲೂ ಇತ್ತು, ಮರಾಠರಲ್ಲೂ ಇತ್ತು. ಮೈಸೂರಿನವರು ಮಾಡಿದ ಹೊಸತು ಕಬ್ಬಿಣದ ಕೊಳವೆ. ಒಂದು ಗೇಣುದ್ದದ ಕೊಳವೆಯಲ್ಲಿ ಮದ್ದನ್ನು ಗಟ್ಟಿಯಾಗಿ ಜಡಿದು, ಒಂದು ಬಾಯಿ ಮುಚ್ಚಿ, ಆಳುದ್ದಕ್ಕೆ ಸ್ವಲ್ಪ ಕಡಿಮೆಯ ಬಿದಿರಿನ ಗಳಕ್ಕೆ, ಕೆಲವೊಮ್ಮೆ ಕತ್ತಿಯ ಅಲಗಿಗೇ, ತೊಗಲಿನ ಪಟ್ಟಿಯಿಂದ ಬಿಗಿಯುತ್ತಿದ್ದರು. ಕಾಗದದ ಕೊಳವೆ ಅಷ್ಟು ಒತ್ತಡ ತಡೆಯದೆ ಸಿಡಿದುಹೋಗುತ್ತದೆ. ಕಬ್ಬಿಣ ತಡೆಯಿತು, ಬಾಣ ಒಂದು ಮೈಲಿ ಮೀರಿ ಹಾರಿತು. ಮೈಸೂರು ಸೀಮೆಯ ಕುಲುಮೆಯವರಿಗೆ ಆ ಕಬ್ಬಿಣ ಮಾಡಲು ಬರುತ್ತಿತ್ತು. ಟಿಪ್ಪು ಸತ್ತ ಮರುವರ್ಷ ಕಂಪನಿಯ ಪರವಾಗಿ ಸೀಮೆ ನೋಡಲು ಬಂದ ಬುಕಾನನ್ ಚನ್ನಪಟ್ಟಣದಲ್ಲಿ ಉಕ್ಕಿನ ತಂತಿ ಎಳೆಯುವವರನ್ನು ಕಂಡ. ದೇಶದ ವೀಣೆ, ತಂಬೂರಿಗಳಿಗೆಲ್ಲ ಅಲ್ಲಿಂದ ತಂತಿ ಹೋಗುತ್ತಿತ್ತು.

ಬಾಣ ಗುರಿ ತಪ್ಪುತ್ತಿತ್ತು, ಅದೂ ನಿಜ. ನೆಲಕ್ಕೆ ಬಿದ್ದು ಹಾವಿನಂತೆ ಹೊರಳಾಡಿ ಎತ್ತೆತ್ತಲೋ ನುಗ್ಗುತ್ತಿತ್ತು. ಆದರೆ ಸಾಲು ಕಟ್ಟಿ ನಿಂತ ಪಲ್ಟನ್ನಿಗೆ, ಅದರ ಎತ್ತು ಕುದುರೆಗಳಿಗೆ ಅದೇ ಹೆದರಿಕೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆಯ ಮದ್ದಿನ ಬಂಡಿಗಳು ಸಿಡಿದು ಇಡೀ ಪಡೆ ಮಣ್ಣುಮುಕ್ಕಿತು. ಆ ಬೆಂಕಿ ಬಾಣದ್ದು ಎಂದು ಹೇಳಿಕೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಚಿತ್ರದಲ್ಲಿ ಚೌಕಾಕಾರವಾಗಿ ನಿಂತ ಕೆಂಪಂಗಿಯವರ ನಡುವೆ ಮದ್ದು ಸಿಡಿಯುವುದನ್ನು ಬರೆದಿದ್ದಾರೆ. ಗಾಯಗೊಂಡ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಆ ಚಿತ್ರದ ಮುಂದೆ ಜನ ಹುಲಿ ಹುಡುಕುತ್ತಾ ಮುಂದೆ ಹೋಗಿಬಿಡುತ್ತಾರೆ, ನಿಂತು ನೋಡಬೇಕಾದ್ದು ಆ ಮದ್ದಿನ ಬಂಡಿ.

ಹೈದರನ ಕಾಲದಲ್ಲಿ ವ್ಯಕ್ತಿಯ ಮೇಲೆ ನಿಂತಿದ್ದ ಸೈನ್ಯವನ್ನು ಟಿಪ್ಪು ಕಾಗದದ ಮೇಲೆ ತಂದ. ‘ಫತುಹುಲ್ ಮುಜಾಹಿದೀನ್’ ಎಂಬ ಸೈನ್ಯದ ಕೈಪಿಡಿ ಬರೆಸಿದ. ಫ್ರೆಂಚ್ ಕವಾಯತಿನ ಹುಕುಂ ಮಾತುಗಳ ಬದಲು ಪಾರ್ಸಿ ಮಾತುಗಳು ಬಂದವು. ಸೈನ್ಯವನ್ನು ಕುಶೂನುಗಳಾಗಿ ಒಡೆದು, ಪ್ರತಿ ಕುಶೂನಿಗೆ ಇಷ್ಟು ಸಿಪಾಯಿ, ಇಷ್ಟು ತೋಪು, ಇಷ್ಟು ಬಾಣಗಾರರು ಎಂದು ಗೊತ್ತು ಮಾಡಿದ. ಬಾಣಗಾರ ಎಂಬವನು ಜಾತ್ರೆಯ ಹಿಂದಿನ ದಿನ ಕರೆಸುವ ಬಿರುಸಿನವನಾಗಿ ಉಳಿಯಲಿಲ್ಲ, ತಿಂಗಳ ಸಂಬಳದವನಾದ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರುಗಳಲ್ಲಿ ಕಾರ್ಖಾನೆಗಳು ಎದ್ದವು, ಬಂದೂಕಿನ ಚಾಪಿನಿಂದ ತೋಪಿನ ಬಾಯಿಯವರೆಗೆ ಹುಲಿಪಟ್ಟೆ ಬಂತು. 1787ರಲ್ಲಿ ಪಾಂಡಿಚೇರಿಯಿಂದ ಟಿಪ್ಪುವಿನ ಮೂವರು ವಕೀಲರು, ಅಂದರೆ ರಾಯಭಾರಿಗಳು, ಫ್ರಾನ್ಸಿಗೆ ಹೊರಟು ಮರುವರ್ಷ ಆಗಸ್ಟಿನಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಸೈನ್ಯ ಕೊಡಿ ಎಂದು ಕೇಳಿದ್ದಕ್ಕೆ ಲೂಯಿ ತಲೆಯಾಡಿಸಲಿಲ್ಲ, ಅವನ ತಲೆಗೇ ಆಗ ಭದ್ರತೆ ಕಡಿಮೆ. ಕುಶಲ ಕೆಲಸಗಾರರು ಬೇಕು ಎಂದದ್ದಕ್ಕೆ ಒಪ್ಪಿದ. ವಕೀಲರು ಮರಳಿದಾಗ ಜೊತೆಗೆ ಕೆಲಸಗಾರರ ಒಂದು ತಂಡವೇ ಬಂತು.

ಇಷ್ಟೆಲ್ಲದರಲ್ಲಿ ಜನ ಮರೆಯುವ ಒಂದು ಸಂಗತಿ ಎತ್ತಿನದು. ತೋಪು ತಾನೇ ನಡೆಯುವುದಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳನ್ನು ಹೈದರ್ ದಂಡಿಗೆ ಹೂಡಿದ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು ಪ್ರತ್ಯೇಕ ಇಲಾಖೆ ಮಾಡಿದ. ಹುಲ್ಲುಗಾವಲುಗಳನ್ನು ಕಾವಲು ಎಂದು ಬಿಡಿಸಿಟ್ಟ. ಈ ಎತ್ತುಗಳನ್ನು ಹೂಡಿ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ಹೋದದ್ದನ್ನು ಮೈಸೂರಿನ ಇತಿಹಾಸ ಬರೆದ ಇಂಗ್ಲಿಷ್ ಅಧಿಕಾರಿ ವಿಲ್ಕ್ಸ್ ಬೆರಗಿನಿಂದ ಬರೆದಿದ್ದಾನೆ. ಎದುರಾಳಿಯ ತೋಪಿನ ಸಾಲು ಇನ್ನೂ ಕೆಸರಿನಲ್ಲಿರುವಾಗ ಮೈಸೂರಿನ ತೋಪು ಊರು ದಾಟಿರುತ್ತಿತ್ತು. ಚಳ್ಳಕೆರೆಯ ಆ ಕಾವಲುಗಳಲ್ಲಿ ಒಂದು ದೊಡ್ಡ ಭಾಗ ಈಗ ಡಿಆರ್‌ಡಿಒ ಮತ್ತು ಇತರ ಸಂಸ್ಥೆಗಳ ಕೈಯಲ್ಲಿದೆ. 2017ರಿಂದ ಅಲ್ಲಿ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆ ನಡೆಯುತ್ತದೆ. ಕುರಿ ದನ ಮೇಯಿಸುತ್ತಿದ್ದ ಸುತ್ತಲ ಹಳ್ಳಿಗಳವರು ಬೇಲಿಯ ವಿರುದ್ಧ ಹೋರಾಡಿದರು. ಸೈನ್ಯಕ್ಕೆಂದು ಬಿಟ್ಟ ಹುಲ್ಲು ಸೈನ್ಯಕ್ಕೇ ಹೋಯಿತು ಎನ್ನಬಹುದೇನೋ. ಮೇಯುತ್ತಿದ್ದ ದನಕ್ಕೆ ಆ ತರ್ಕ ಹಿಡಿಸಲಿಕ್ಕಿಲ್ಲ.

ಎತ್ತಿಲ್ಲದ ತೋಪಿನ ಗತಿ ಏನು ಎಂಬುದನ್ನು 1791ರ ಮೇ ತಿಂಗಳಲ್ಲಿ ಭಾವುವೇ ಕಣ್ಣಾರೆ ಕಂಡ. ಧಾರವಾಡ ಮುಗಿಸಿ ಅವನು ತುಂಗಭದ್ರೆ ದಾಟಿ ದಕ್ಷಿಣಕ್ಕೆ ನಡೆದ. ಇತ್ತ ಕಂಪನಿಯ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಮಾರ್ಚಿನಲ್ಲಿ ಬೆಂಗಳೂರು ಗೆದ್ದು ಶ್ರೀರಂಗಪಟ್ಟಣದ ತನಕ ಬಂದಿದ್ದ. ಅರಕೆರೆಯ ಬಳಿ ಕಾದಾಟದಲ್ಲಿ ಅವನಿಗೆ ಸೋಲಾಗಲಿಲ್ಲ, ಆದರೆ ಮಳೆ ಹಿಡಿಯಿತು, ಕಾಳು ಮುಗಿಯಿತು, ಎತ್ತುಗಳು ಸಾವಿರಗಟ್ಟಲೆ ಸತ್ತವು. ಕೋಟೆ ಒಡೆಯಲೆಂದು ಅಷ್ಟು ದೂರ ಎಳೆದು ತಂದ ಭಾರಿ ತೋಪುಗಳನ್ನು ತಾನೇ ಸಿಡಿಸಿ ಹಾಳುಮಾಡಿ ಹಿಂದಿರುಗಿದ. ಆ ಕಾಲದ ಹೊಸ ತೋಪುಖಾನೆ ಹುಲ್ಲಿಲ್ಲದೆ ಸತ್ತಿತು.

ಮೇಲುಕೋಟೆಯ ಹತ್ತಿರ ಹಿಂದಿರುಗುತ್ತಿದ್ದ ಆ ಹಸಿದ ದಂಡಿಗೆ ಪೇಶ್ವೆಯ ಸೇನಾಪತಿ ಹರಿಪಂತ ಫಡಕೆ ಮತ್ತು ಪರಶುರಾಮಭಾವುವಿನ ಮರಾಠಾ ದಂಡು ಎದುರಾಯಿತು. ಮೊದಲು ವೈರಿ ಎಂದು ಗುಂಡು ಹಾರಿಸಹೋಗಿ ನಿಲ್ಲಿಸಿದರು. ಮರಾಠಾ ದಂಡಿನ ಹಿಂದೆ ಬಂದ ಬಜಾರು ನೋಡಿ ಇಂಗ್ಲಿಷರು ಬೆಪ್ಪಾದರು. ಅಕ್ಕಿ, ರಾಗಿ, ಕುರಿ, ಕೋಳಿ, ಎತ್ತು, ಕೊಂಕಣದ ಒಣಮೀನು. ಅದರ ಪಕ್ಕದಲ್ಲೇ ಇಂಗ್ಲೆಂಡಿನ ಬನಾತು, ಬರ್ಮಿಂಗ್‌ಹ್ಯಾಮಿನ ಚಾಕು, ಕಾಶ್ಮೀರದ ಶಾಲು, ವಜ್ರ, ಯಾವುದೋ ಹಳ್ಳಿಯ ಹೆಣ್ಣುಮಗಳ ಕಿವಿಯಿಂದ ಕಿತ್ತ ಬೆಳ್ಳಿಯ ಓಲೆ. ನಾಣ್ಯ ಬದಲಿಸುವ ಸರಾಫರು ಮೇಜು ಹಾಕಿ ಕೂತಿದ್ದರು. ಎಲ್ಲವೂ ಇತ್ತು, ಬೆಲೆ ಮಾತ್ರ ಮಾರುವವನು ಹೇಳಿದ್ದು. ಧಾರವಾಡದಲ್ಲಿ ಮರಾಠರ ತೋಪು ನೋಡಿ ನಕ್ಕ ಕಂಪನಿಯವರು ಇಲ್ಲಿ ಅವರ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತರು. ಮುಂದಿನ ವರ್ಷ ಕಾರ್ನ್‌ವಾಲಿಸ್ ಬುದ್ಧಿ ಕಲಿತು ಲಂಬಾಣಿಗಳ ಎತ್ತುಗಳನ್ನು ಗೊತ್ತುಮಾಡಿಕೊಂಡೇ ಹೊರಟ, ಗೆದ್ದ. 1792ರ ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಗಂಡುಮಕ್ಕಳನ್ನು ಕೊಡಬೇಕಾಯಿತು. ಭಾವು ಆ ಕೊನೆಯ ಮುತ್ತಿಗೆಗೆ ಸಮಯಕ್ಕೆ ಬರಲಿಲ್ಲ. ಲಿಟ್ಲ್‌ನ ಪಲ್ಟನ್ ಹಿಡಿದುಕೊಂಡು ಹೊಳೆಹೊನ್ನೂರು, ಶಿವಮೊಗ್ಗ ಗೆದ್ದು, ಬಿದನೂರಿನ ಲೂಟಿಯ ಆಸೆಗೆ ಆ ಕಡೆ ತಿರುಗಿದ್ದ. ಹಳೆಯ ಅಭ್ಯಾಸ.

ನೆಲದ ಮೇಲೆ ಇಷ್ಟು ಬದಲಾದ ಮೈಸೂರು ನೀರಿಗಿಳಿದಾಗ ಮಾತ್ರ ಮತ್ತೆ ಮತ್ತೆ ಮುಗ್ಗರಿಸಿತು. ಮರಾಠರದು ಇನ್ನೂ ದೊಡ್ಡ ಅವಿವೇಕ. 1756ರಲ್ಲಿ ಪೇಶ್ವೆ ನಾನಾಸಾಹೇಬ ತನ್ನವನೇ ಆದ ನೌಕಾಸರದಾರ ತುಳಾಜಿ ಆಂಗ್ರೆಯ ಸೊಕ್ಕು ಮುರಿಯಲು ಇಂಗ್ಲಿಷರ ನೌಕಾಪಡೆಯನ್ನು ಕರೆದ. ವಾಟ್ಸನ್ ಮತ್ತು ಕ್ಲೈವ್ ವಿಜಯದುರ್ಗಕ್ಕೆ ಬಂದರು, ಬಂದರಿನಲ್ಲಿದ್ದ ಆಂಗ್ರೆಯ ಹಡಗುಗಳೆಲ್ಲ ಸುಟ್ಟು ಬೂದಿಯಾದವು. ಪಶ್ಚಿಮ ಕರಾವಳಿಯಲ್ಲಿ ಇಂಗ್ಲಿಷರಿಗೆ ತಲೆನೋವಾಗಿದ್ದ ದೊಡ್ಡ ದೇಶೀ ನೌಕಾಬಲ ಹಾಗೆ ಹೋಯಿತು.

1763ರಲ್ಲಿ ಹೈದರ್ ಬಿದನೂರು ಗೆದ್ದ ಮೇಲೆ ಮಂಗಳೂರು, ಭಟ್ಕಳ, ಹೊನ್ನಾವರಗಳು ಕೈಗೆ ಬಂದವು. ಘಟ್ಟದ ಸಾಗುವಾನಿ ಇತ್ತು, ಹಡಗು ಕಟ್ಟುವ ಕರಾವಳಿಯ ಆಚಾರಿಗಳಿದ್ದರು. ಹೈದರ್ ಹಡಗು ಕಟ್ಟಿಸಿದ. ಆದರೆ ಅದರ ಯಜಮಾನಿಕೆಯನ್ನು ಕೊನೆಗೆ ಲುತ್ಫ್ ಅಲಿ ಬೇಗ್ ಎಂಬ ಕುದುರೆ ಸರದಾರನಿಗೆ ಕೊಟ್ಟ. ಸಮುದ್ರದಲ್ಲೇ ಹುಟ್ಟಿ ಬೆಳೆದ ಹಡಗಿನ ನಾಯಕರಿಗೆ ಇದು ನುಂಗಲಾರದ ತುತ್ತಾಯಿತು. 1768ರಲ್ಲಿ ಮುಂಬಯಿಯ ಇಂಗ್ಲಿಷ್ ಹಡಗುಗಳು ಹೊನ್ನಾವರದ ಬಳಿ ಕಾಣಿಸಿಕೊಂಡಾಗ ಎರಡು ಹಡಗು, ಎರಡು ಗುರಾಬು, ಹತ್ತು ಗಲ್ಬತ್ತು ಎಂಬ ಸಣ್ಣ ಹಡಗುಗಳ ನಾಯಕರು ಒಂದು ಗುಂಡೂ ಹಾರಿಸದೆ ಎದುರಾಳಿಯ ಕಡೆ ಸೇರಿಕೊಂಡರು. ನೆಲದ ಮೇಲೆ ಪ್ರತಿ ಕೆಲಸಕ್ಕೂ ಅದರ ಕಸುಬಿನವನನ್ನೇ ಹುಡುಕಿ ಇಟ್ಟ ಹೈದರ್, ನೀರಿನ ಮೇಲೆ ನಂಬಿಕೆಯವನು ಸಾಕು ಎಂದುಕೊಂಡ. ಅವನ ಇಡೀ ಬಾಳಿನಲ್ಲಿ ಇಷ್ಟು ದುಬಾರಿಯಾದ ನೇಮಕ ಇನ್ನೊಂದಿಲ್ಲ.

ಮತ್ತೆ ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿಗೆ ಬಂದು ಬಂದರಿನಲ್ಲೇ ಅವುಗಳನ್ನು ಸುಟ್ಟ. ಪೊಳ್ಳಿಲೂರಿನ ಗೆಲುವಿಗೆ ಇನ್ನೂ ಮೂರು ತಿಂಗಳು ತುಂಬಿತ್ತಷ್ಟೆ. ಇಂಗ್ಲಿಷರನ್ನು ನೆಲದ ಮೇಲೆ ಹಣಿಯಬಲ್ಲೆ, ಆದರೆ ಕಡಲನ್ನು ಬತ್ತಿಸುವುದು ತನ್ನಿಂದಾಗದು ಎಂದು ಹೈದರ್ ಕೊನೆಗಾಲದಲ್ಲಿ ತನ್ನ ಮಂತ್ರಿ ಪೂರ್ಣಯ್ಯನ ಬಳಿ ಹೇಳಿಕೊಂಡನೆಂದು ವಿಲ್ಕ್ಸ್ ದಾಖಲಿಸಿದ್ದಾನೆ.

ಟಿಪ್ಪುವಿಗೆ ಕಡಲು ಮೊದಲು ವ್ಯಾಪಾರದ ದಾರಿಯಾಗಿ ಕಂಡಿತು. 1786ರ ಮಾರ್ಚಿನಲ್ಲಿ ಕುಮಟೆಯ ಹತ್ತಿರದ ತದಡಿಯಿಂದ ನಾಲ್ಕು ಹಡಗುಗಳು ತುರ್ಕಿಯ ಸುಲ್ತಾನನ ಕಡೆ ಹೊರಟವು. ಒಟ್ಟು ಸುಮಾರು ಒಂಬತ್ತು ನೂರು ಜನ, ಗಂಧ, ಮೆಣಸು, ಏಲಕ್ಕಿ, ಬಟ್ಟೆ, ಆನೆ. ಬಸ್ರಾದಲ್ಲಿ ವ್ಯಾಪಾರದ ಕೋಠಿ ಬೇಕಿತ್ತು, ಕಸುಬುದಾರರು ಬೇಕಿದ್ದರು. ದಾರಿಯಲ್ಲಿ ಹಡಗು ಕಳೆದವು, ರೋಗ ಹಿಡಿಯಿತು. ಹೋದವರಲ್ಲಿ ತುಂಬ ಜನ ಮರಳಲಿಲ್ಲ, ಬಂದವರು ತಂದದ್ದು ಒಳ್ಳೆಯ ಮಾತು ಮತ್ತು ಉಡುಗೊರೆ. ಮಂಗಳೂರಿನ ಬೋಳೂರಿನಲ್ಲಿ ಕಪ್ಪುಕಲ್ಲಿನ ಸುಲ್ತಾನ್ ಬತ್ತೇರಿ ಕಟ್ಟಿಸಿದ್ದೂ ಇದೇ ಸುಮಾರಿಗೆ. ಹಡಗು ನದಿಯೊಳಗೆ ನುಗ್ಗದಂತೆ ಕಾಯುವ ಕಟ್ಟಡ ಅದು, ಕಡಲಿಗೆ ಹೋಗಿ ಕಾದುವ ಬಲ ಆಗ ಇರಲಿಲ್ಲ.

ನಿಜವಾದ ನೌಕಾಪಡೆಯ ಯೋಜನೆ ಬಂದದ್ದು 1796ರಲ್ಲಿ. ಆ ಹುಕುಂನಾಮೆ ಓದಿದರೆ ಇಂದಿನ ಯಾವುದೇ ರಕ್ಷಣಾ ಇಲಾಖೆಯ ಕಡತದ ಹಾಗಿದೆ. ಮೇಲುಸ್ತುವಾರಿಗೆ ಮೀರ್ ಯಮ್ ಎಂಬ ಹನ್ನೊಂದು ಅಧಿಕಾರಿಗಳು, ಅವರ ಕೆಳಗೆ ಮೀರ್ ಬಹರ್ ಎಂಬ ಮೂವತ್ತು ನೌಕಾಧಿಕಾರಿಗಳು. ಕಟ್ಟಬೇಕಾದದ್ದು ನಲವತ್ತರಷ್ಟು ಯುದ್ಧನೌಕೆ, ದೊಡ್ಡವಕ್ಕೆ 72 ಮತ್ತು 62 ತೋಪು, ಅದಕ್ಕಿಂತ ಸಣ್ಣ ಫ್ರಿಗೇಟುಗಳಿಗೆ 46. ಮಂಗಳೂರು, ಮಿರ್ಜಾನದ ಹತ್ತಿರ, ಸದಾಶಿವಗಡ ಹೀಗೆ ಮೂರು ಕಡೆ ಹಡಗುಕಟ್ಟೆ. ಸಾಗುವಾನಿ ಘಟ್ಟದಿಂದ ಇಳಿದು ಹೇಗೆ ಬರಬೇಕು, ಹಡಗಿನ ಮಾದರಿ ಎಂಥದು, ಯಾರಿಗೆ ಎಷ್ಟು ಸಂಬಳ, ಎಲ್ಲವೂ ಇದೆ. ಅಪ್ಪ ಮಾಡಿದ ತಪ್ಪು ಮಗನಿಗೆ ತಿಳಿದಿತ್ತೋ ಏನೋ, ನಾವಿಕರನ್ನು ಕಲಿಸಿ ಬೆಳೆಸುವ ಮಾತೂ ಇದೆ. ಇಲ್ಲದ್ದು ಒಂದೇ, ಸಮಯ.

ಎಷ್ಟು ಸಮಯ ಬೇಕು ಎಂಬುದಕ್ಕೆ ಅದೇ ಸದಾಶಿವಗಡದ ಗುಡ್ಡ ಹತ್ತಿ ತೆಂಕಕ್ಕೆ ನೋಡಬಹುದು. ಕಾಳಿ ನದಿಯ ಆಚೆ ಕಾರವಾರ, ಅದರಾಚೆ ಅರ್ಗಾದ ನೌಕಾನೆಲೆ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲಿಟ್ಟರು. ಹಣದ ಮುಗ್ಗಟ್ಟಿನಿಂದ ಕೆಲಸ ವರ್ಷಗಟ್ಟಲೆ ಕುಂಟಿತು. ಬನವಾಸಿಯ ಕದಂಬರ ಹೆಸರಿನಲ್ಲಿ ಐಎನ್ಎಸ್ ಕದಂಬ ಶುರುವಾದದ್ದು 2005ರ ಮೇ 31ಕ್ಕೆ. ಹತ್ತು ಸಾವಿರ ಟನ್ನಿನ ಹಡಗನ್ನು ನೀರಿನಿಂದ ಎತ್ತಿ ದಂಡೆಗೆ ತರುವ ಲಿಫ್ಟ್ ಅಲ್ಲಿದೆ. ಆ ಜಾಗಕ್ಕಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಮನೆತನಗಳು ಹೊಲ, ಮನೆ, ಬಲೆ ಹಾಕುವ ದಂಡೆ ಬಿಟ್ಟೆದ್ದವು, ಪರಿಹಾರದ ಮೊಕದ್ದಮೆಗಳು ದಶಕಗಟ್ಟಲೆ ಎಳೆದವು. ವಿಕ್ರಮಾದಿತ್ಯ ಯುದ್ಧನೌಕೆಗೆ ರಷ್ಯದೊಂದಿಗೆ ಸಹಿ ಬಿದ್ದದ್ದು 2004ರಲ್ಲಿ, ಅದು ಕಾರವಾರಕ್ಕೆ ಬಂದದ್ದು 2014ರ ಜನವರಿಯಲ್ಲಿ. ಹಡಗು ಮೊದಲೇ ಇತ್ತು, ನವೀಕರಿಸಿ ತರಲು ಹತ್ತು ವರ್ಷ. ಟಿಪ್ಪುವಿನ ಕೈಯಲ್ಲಿ ಇದ್ದದ್ದು ಮೂರು ವರ್ಷ.

1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನಪೇಟೆಯ ಮರಗಳ ತೋಪಿನಲ್ಲಿ ಕರ್ನಲ್ ವೆಲ್ಲೆಸ್ಲಿ ಕತ್ತಲಲ್ಲಿ ದಾರಿ ತಪ್ಪಿ, ಬಾಣ ಮತ್ತು ಬಂದೂಕಿನ ಹೊಡೆತಕ್ಕೆ ಸಿಕ್ಕಿ ಹಿಂದೆ ಓಡಿದ. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಇವನೇ. ಮರುದಿನ ಬೆಳಕಿನಲ್ಲಿ ಬಂದು ಆ ಜಾಗ ಹಿಡಿದುಕೊಂಡರು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಬಾಗಿಲ ಬಳಿಯ ಹೆಣಗಳ ನಡುವೆ ಸಿಕ್ಕಿದ. ಗೆದ್ದವರು ಎಣಿಸಿದಾಗ 929 ತೋಪುಗಳಿದ್ದವು. ಬಾಣಗಳನ್ನು ಇಂಗ್ಲೆಂಡಿನ ವೂಲ್ವಿಚ್‌ಗೆ ಕಳಿಸಿದರು. ಅಲ್ಲಿ ವಿಲಿಯಂ ಕಾಂಗ್ರೀವ್ ಅವುಗಳ ಜಾಡು ಹಿಡಿದು ತನ್ನ ರಾಕೆಟ್ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅವುಗಳಿಗೆ ಉರಿಯಿತು, 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಅವು ಹಾರಿದ ರಾತ್ರಿ ಅಮೆರಿಕದವರ ರಾಷ್ಟ್ರಗೀತೆಯೊಳಗೆ ಸೇರಿದೆ.

ಒಂದಿಷ್ಟು ಬಾಣ ಇಲ್ಲೇ ಉಳಿದಿತ್ತು. 2018ರ ಜುಲೈನಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಿದ್ದ ಬಾವಿಯ ಹೂಳು ತೆಗೆಸಿದಾಗ ಸಾವಿರಕ್ಕೂ ಹೆಚ್ಚು ಬಾಣದ ಕೊಳವೆಗಳು ಹೊರಬಂದವು. ಅದಕ್ಕೂ ಮುಂಚೆ ಅಲ್ಲೇ ಕೆಲವು ಸಿಕ್ಕಿದ್ದವು, ಅವು ಏನೆಂದು ಗುರುತಿಸಲು ವರ್ಷಗಳು ಬೇಕಾದವು. ಬಾವಿಯ ಮಣ್ಣಿಗೇ ಮದ್ದಿನ ವಾಸನೆ ಇತ್ತಂತೆ. ತುಕ್ಕು ಹಿಡಿದ, ಕೆಲವು ಇನ್ನೂ ಮದ್ದು ತುಂಬಿಕೊಂಡೇ ಇದ್ದ ಆ ಕೊಳವೆಗಳು ಈಗ ಶಿವಮೊಗ್ಗದ ಸರಕಾರಿ ವಸ್ತುಸಂಗ್ರಹಾಲಯದಲ್ಲಿವೆ. 1792ರಲ್ಲಿ ಪರಶುರಾಮಭಾವು ಮುಖಮಾಡಿದ್ದ ಊರು ಇದೇ. ಟಿಪ್ಪುವಿನ ದಂಡು ಬರುತ್ತಿದೆ ಎಂದು ಕೇಳಿ ಹತ್ತಿರ ಹೋಗಿ ತಿರುಗಿದ.

ಭಾವು 1795ರಲ್ಲಿ ಖರ್ಡಾದಲ್ಲಿ ನಿಜಾಮನನ್ನು ಸೋಲಿಸಿದ ಮರಾಠಾ ದಂಡಿನ ಮುಖ್ಯಸ್ಥನಾದ. ಅಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ಶಿಂದೆ, ಹೋಳ್ಕರರ ಕವಾಯತಿನ ಪಲ್ಟನ್ನುಗಳು. ಉತ್ತರದ ಸರದಾರರು ಕಲಿತದ್ದನ್ನು ಕೃಷ್ಣಾ ತೀರದವರು ಕಲಿಯಲೇ ಇಲ್ಲ. 1799ರ ಸೆಪ್ಟೆಂಬರಿನಲ್ಲಿ, ಟಿಪ್ಪು ಸತ್ತು ಐದು ತಿಂಗಳೂ ತುಂಬುವ ಮುಂಚೆ, ಚಿಕ್ಕೋಡಿ ಸೀಮೆಯ ಪಟ್ಟಣಕುಡಿಯಲ್ಲಿ ಕೊಲ್ಹಾಪುರದ ದಂಡಿನೊಡನೆ ಕಾದುತ್ತಾ ಭಾವು ಸತ್ತ. ಸುಮಾರು ಅರವತ್ತರ ಮುದುಕ, ಕುದುರೆಯ ಮೇಲೆ. ಕಂಪನಿಗೆ ಇನ್ನು ಈ ಕಡೆ ದೊಡ್ಡ ಅಡ್ಡಿ ಉಳಿಯಲಿಲ್ಲ. 1818ಕ್ಕೆ ಪೇಶ್ವಾಯಿ ಮುಗಿಯಿತು. ಜಮಖಂಡಿ, ಮುಧೋಳದ ದೊರೆಗಳು ಸಂಸ್ಥಾನಿಕರಾಗಿ ಉಳಿದರು. ತೋಪು ಸಲಾಮಿಗೆ, ಹಬ್ಬಕ್ಕೆ.

ಶ್ರೀರಂಗಪಟ್ಟಣದ ತೋಪು ಎಣಿಸಿದ ಕಂಪನಿ 1857ರಲ್ಲಿ ಮನೆಮನೆಯ ಕತ್ತಿ ಎಣಿಸಲು ಬಂತು. ಉತ್ತರದ ದಂಗೆಯಿಂದ ಬೆಚ್ಚಿದ ಸರಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದು, ಆಯುಧ ಇದ್ದವರು ತೋರಿಸಿ ಪರವಾನಗಿ ಪಡೆಯಬೇಕು ಎಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡಲಿಲ್ಲ. ಹೈದರನ ಕಾಲದಿಂದಲೂ ಯಾವ ದಂಡಿಗೆ ಕರೆದರೂ ಮೊದಲು ಹೋಗುತ್ತಿದ್ದವರು ಅವರ ಜಾತಿಯವರೇ. ಬೇಟೆಗೂ ಹೊಟ್ಟೆಗೂ ಬೇಕಾದ ಬಂದೂಕು ಅವರಿಗೆ ಮನೆಯ ಮಗನಿಗೆ ಸಮ. ಹನುಮ, ಬಾಲ, ಜಡಗ, ರಾಮ ಮುಂದಾದರು. ನವೆಂಬರ್ ಕೊನೆಗೆ ಕಂಪನಿಯ ಕುದುರೆ ಪಡೆ ರಾತ್ರಿ ಊರು ಸುತ್ತಿತು, ಮನೆಗಳಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರಲ್ಲಿ 19 ಜನರನ್ನು ಡಿಸೆಂಬರಿನಲ್ಲಿ ಗಲ್ಲಿಗೆ ಹಾಕಿದರು. ಹಲಗಲಿ ಬೇಡರ ಲಾವಣಿಯನ್ನು ನಮ್ಮ ಕಡೆ ಇಂದಿಗೂ ಹಾಡುತ್ತಾರೆ. ಅದನ್ನು ಮೊದಲು ಬರೆದುಕೊಂಡು ಅಚ್ಚುಹಾಕಿಸಿದವನು ಶಾಸನಗಳ ಪಂಡಿತನೆಂದು ಹೆಸರಾದ ಫ್ಲೀಟ್, ಕಂಪನಿಯ ಜಾಗಕ್ಕೆ ಬಂದ ಬ್ರಿಟಿಷ್ ಸರಕಾರದ ಅಧಿಕಾರಿ.